ಖಾಲಿ ಹದಿನೆಂಟು

ಎಲೆಕ್ಷನ್ ತಾರೀಖು ಬಿದ್ದ ಮರುದಿನ
ಸವಣೂರ ಠಾಣೆ ಕಟ್ಟಿ ತುಂಬ ಬಂದೂಕು.
ಸೈಕಲ್ಲಿನ ಮ್ಯಾಲೆ ಗೋಣಿಚೀಲ,
ಚೀಲದೊಳಗಿಂದ ಮೂತಿ ಹೊರಗ ಹಾಕಿದ್ದವು
ಸಂತಿಗೆ ತಂದ ಹೋತಿನ ಹಂಗ.

ನಾನು ರೈಟರ್. ನಂಬರ್ ಬರಿಯೋದು, ರಸೀದಿ ಹರಿಯೋದು.
ಹೆಸರು, ಲೈಸೆನ್ಸು, ನಳಿಗಿ ಒಂದೋ ಎರಡೋ.
ಆದರ ಒಬ್ಬರೂ ಬರೇ ಬಂದೂಕು ಇಟ್ಟು ಹೋಗಲಿಲ್ಲ,
ಅದರ ಮ್ಯಾಲಿನ ಸಿಟ್ಟೂ ಇಟ್ಟು ಹೋದರು.
ಅದಕ್ಕ ಕಾಲಂ ಇರಲಿಲ್ಲ.

ಹುರಳಿಕುಪ್ಪಿ ಮರಿಗೌಡ್ರು:
“ಎರಡು ಎತ್ತಿನ ರೊಕ್ಕ ರೀ ಇದಕ್ಕ.
ಗೋವಿನಜೋಳದಾಗ ಹಂದಿ ಹೊಕ್ಕವು. ಕುದುರಿ ಎಳದೆ.
ಫುಸ್ ಅಂತು. ಹೊಗಿ ಬಂತು, ಗುಂಡು ಬರಲಿಲ್ಲ.
ಹಂದಿ ತಲಿ ಎತ್ತಿ ನನ್ನ ನೋಡಿ
ಮತ್ತ ತಲಿ ಬಗ್ಗಿಸಿ ತಿನ್ನಾಕ ಹತ್ತಿತು.
ಆ ನೋಟ ಬ್ಯಾಡ್ರಿ.
ಬೀಗರೂ ನನ್ನ ಹಂಗ ನೋಡಿಲ್ಲ.”

ಮಾಬೂಸಾಬ, ಬ್ಯಾಂಕಿನ ಕಾವಲಿನವ,
ಹನ್ನೆರಡು ವರ್ಷ ಹೊತ್ತು ಹೊತ್ತು
ಬಲಗಡೆ ಹೆಗಲು ಒಂದು ಬೆರಳು ಕೆಳಗ ಇಳದೈತಿ:
“ಒಮ್ಮೆ ಪರೀಕ್ಷಾಕ್ಕಂತ ಹಾರಿಸಿದೆ.
ಗುರಿ ಇಟ್ಟದ್ದು ಗಡಿಗಿ. ಒಡದದ್ದು ಬಾಜೂ ಮನಿ ಹಂಚು.
ಪಗಾರದಾಗ ಮುರಕೊಂಡ್ರು.
ಅವತ್ತಿನಿಂದ ಇದರಾಗ ಗುಂಡ ಇಲ್ರಿ. ಯಾರಿಗೂ ಹೇಳಬ್ಯಾಡ್ರಿ.”
ಹೇಳಿಲ್ಲ. ಈಗ ಆ ಬ್ಯಾಂಕೂ ಅಲ್ಲಿಲ್ಲ.

ನಿಂಬೆವ್ವ ಮಾವನ ಕಾಲದ್ದು ತಂದಿದ್ದಳು,
ಸೆರಗಿನ್ಯಾಗ ಸುತ್ತಿ, ಕೂಸಿನ ಹಂಗ.
ನಳಿಗ್ಯಾಗ ಕಣಜ ಮಣ್ಣಿನ ಗೂಡು ಕಟ್ಟಿತ್ತು.
“ಸ್ವಚ್ಛ ಮಾಡ್ಲೇನವ್ವಾ?” ಅಂದೆ.
“ಇರಲಿ ಬಿಡ್ರಿ, ಏನರೆ ಒಂದು ಉಪಯೋಗ ಆತಲ್ಲ.”

ಎಲ್ಲರದೂ ಬರಕೊಂಡೆ.
ನನ್ನದು ಯಾರ ಕಡೆ ಬರಸಲಿ?

ಕಾರಡಗಿಯ ಮಿಲಿಟ್ರಿ ಗುಡದಪ್ಪ ತೀರಿಕೊಂಡಾಗ
ಸಲಾಮಿ ತುಕಡಿಯೊಳಗ ಒಬ್ಬನಿಗೆ ಜ್ವರ.
ಅವನ ಜಾಗಕ್ಕ ಹೊಟ್ಟಿ ಒಳಗೆಳಕೊಂಡು ರೈಟರ್ ನಿಂತ.
ಹೊಲದ ಅಂಚಿಗೆ ಕುಣಿ. ಒಳಗ ಮುದುಕ
ಹಣಿ ತುಂಬ ವಿಭೂತಿ, ಕಟ್ಟಿ ಮ್ಯಾಲ ಕುಂತ ಹಂಗ ಕುಂತಿದ್ದ.
ನನ್ನ ಕೈಯಾಗ ತ್ರೀನಾಟ್‌ತ್ರೀ,
ಅದರ ದಸ್ತಿನ ಮ್ಯಾಲ ಯಾರೋ ಮೊಳಿಯಿಂದ
‘ಕೆಟ್ಟದ್ದು’ ಅಂತ ಕೊರದಿದ್ದರು. ಹತ್ತ ನಿಂತಾಗ ಓದಿದೆ.

ಏಳು ಮಂದಿ, ಮೂರು ಸುತ್ತು.
ಮೊದಲನೇದು ಟಿಕ್.
ಬೋಲ್ಟ್ ಎಳದೆ, ತೋಟಾ ಉಚ್ಚಿ ಕಾಲ ಬುಡಕ್ಕ ಬಿತ್ತು.
ಎರಡನೇದೂ ಟಿಕ್.
ಮೂರನೇದಕ್ಕ, ಏನ ಮಾಡಲಿ,
ಮೀಸಿ ಒಳಗ ಸಣ್ಣಗ ‘ಢಂ’ ಅಂದೆ.

ಹುಡುಗೂರು ಬಿದ್ದ ಕೊಳವಿ ಆರಿಸಿ
ಮುದುಕಿ ಬಾಳವ್ವನ ಉಡಿಯಾಗ ಹಾಕಿದ್ರು.
ಲೆಕ್ಕಕ್ಕ ಬೇಕಲ್ಲ, ನಾನು ಹೋಗಿ ಕೈ ಒಡ್ಡಿದೆ.
ಆಕಿ ಒಂದೊಂದೇ ಎಣಿಸಿ ಕೊಟ್ಟಳು,
ಹಾಲಿನ ಲೆಕ್ಕ ಕೊಟ್ಟಂಗ.
ನಾನು ಅಲ್ಲೇ ಕುಂತು ಬರದೆ:
ಖಾಲಿ ಹದಿನೆಂಟು, ಜೀವಂತ ಮೂರು.

“ಜೀವಂತ ಅಂದ್ರ ಏನೋ ತಮ್ಮಾ?”
“ಹಾರದ ಉಳದದ್ದಕ್ಕ ಹಂಗ ಅಂತೀವ್ರಿ, ಅವ್ವಾ.”
ಆಕಿ ಕುಣಿ ಕಡೆ ನೋಡಿದಳು,
ನನ್ನ ಮೀಸಿ ಕಡೆ ನೋಡಿದಳು.
“ನೀ ಢಂ ಅಂದದ್ದು ಕೇಳಿಸ್ತು” ಅಂದು
ಸೆರಗು ಬಾಯಿಗೆ ಒತ್ತಿಕೊಂಡಳು.
ಅಳುವೋ ನಗುವೋ, ನಾ ಬರಕೊಳ್ಳಲಿಲ್ಲ.

ಎಣಿಕಿ ಮುಗೀತು. ಯಾರೋ ಗೆದ್ದರು.
ಬಂದೂಕು ಬಿಡಿಸಿಕೊಳ್ಳಾಕ ಮತ್ತ ಸಾಲು.
ಎಲ್ಲರೂ ಬೈಕೋತನ ಬಂದರು.
ಮರಿಗೌಡ್ರು ರಸೀದಿ ಕೊಟ್ಟು, ಚೀಲ ಬಿಚ್ಚಿ,
ಧೋತರದ ಚುಂಗಿನಿಂದ ನಳಿಗಿ ಒರಸಿ ಕೇಳಿದ್ರು:
“ನಿಮ್ಮ ಕೋಲಿ ಸೋರತೈತಿ ಅಂತಾರ.
ಇದರ ಮ್ಯಾಲೆ ಹನಿ ಏನ ಬಿದ್ದಿಲ್ಲಲ್ರಿ?”